ಲಕ್ಕಿ ಎಲೆ ಮತ್ತು ಸಿಟ್ಟಿಗೆದ್ದ ಕೋಶಗಳು

ಆ ಬೆಳಿಗ್ಗೆ ರೊಟ್ಟಿ ಮಾಡಲು ಕೂತಾಗ ನನ್ನ ಕೈಗಳು ನನ್ನ ಮಾತು ಕೇಳಲಿಲ್ಲ. ಜೋಳದ ಹಿಟ್ಟಿಗೆ ಬಿಸಿನೀರು ಹೊಯ್ದು ನಾದಲು ಹೋದರೆ ಬೆರಳು ಮಡಚಲೇ ಒಲ್ಲವು. ಎರಡೂ ಕೈಗಳ ಬೆರಳ ಬುಡ ಊದಿ ಕೆಂಪಾಗಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಕೆಲವು ವಾರಗಳಿಂದ ಬೆಳಿಗ್ಗೆ ಎದ್ದಾಗ ಬಿಗಿ ಇರುತ್ತಿತ್ತು, ಬಿಸಿಲೇರಿದ ಮೇಲೆ ಸಡಿಲಾಗುತ್ತಿತ್ತು. ದಿನವೂ ಬಸ್ಸಿನ ಕಂಬಿ ಹಿಡಿದು ನಿಂತು ಹೋಗುವುದರಿಂದ ಹೀಗಾಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅಂದು ಆ ಸಮಾಧಾನ ಉಳಿಯಲಿಲ್ಲ.

ನಾನು ಕೊಪ್ಪಳದ ಒಂದು ಫಾರ್ಮಸಿ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುತ್ತೇನೆ. ಉರಿಯೂತದ ಪಾಠವನ್ನು ಪ್ರತಿ ವರ್ಷ ಒಂದೇ ರೀತಿ ಶುರು ಮಾಡುತ್ತಿದ್ದೆ. ಕೆಂಪು, ಕಾವು, ಬಾವು, ನೋವು ಎಂದು ಬೋರ್ಡಿನ ಮೇಲೆ ಬರೆದು, ಈ ನಾಲ್ಕನ್ನು ನಿದ್ದೆಯಲ್ಲೂ ಮರೆಯಬೇಡಿ ಎನ್ನುತ್ತಿದ್ದೆ. ಈಗ ಆ ನಾಲ್ಕೂ ನನ್ನ ಕೈಮೇಲೆಯೇ ಬಂದು ಕೂತಿದ್ದವು. ಹಿಟ್ಟಿನ ಪರಾತದ ಮುಂದೆ ಕೂತವಳು ಕೈ ನೋಡಿಕೊಂಡು ಹಾಗೇ ಉಳಿದುಬಿಟ್ಟೆ.

ಅತ್ತೆ ಅಂಗಳದಿಂದ ಒಳಗೆ ಬಂದರು. ನಮ್ಮ ಮನೆ ಇರುವುದು ಕಿನ್ನಾಳದಲ್ಲಿ. ಅತ್ತೆ ಚಿಕ್ಕಂದಿನಿಂದ ಮರದ ಬೊಂಬೆಗಳಿಗೆ ಹುಣಸೆಬೀಜದ ಅಂಟು ಬಳಿದು, ಉಜ್ಜಿ, ಬಣ್ಣ ಹಚ್ಚುತ್ತ ಬಂದವರು. ಅಂಟು ಮೆತ್ತಿದ ಕೈಯಲ್ಲೇ ನನ್ನ ಕೈ ಎತ್ತಿ ನೋಡಿದರು.

"ಏನಬೇ ಇದು? ಬೆರಳ ಹಿಂಗ ಬಾತಾವಲ್ಲ! ಯಾವಾಗಿಂದ?"

"ಭಾಳ ದಿನಾ ಆತ್ರಿ ಅತ್ಯಾರ. ಕಡಿಮಿ ಆಕ್ಕೈತಿ ಅನ್ಕೊಂಡಿದ್ದೆ."

"ಏಳು, ಮೊದಲ ಏಳು ಅಲ್ಲಿಂದ. ರೊಟ್ಟಿ ನಾ ಬಡೀತೀನಿ."

ನನ್ನನ್ನು ಎಬ್ಬಿಸಿ ತಾವು ಕೂತರು. ಅವರು ಹಂಚಿನ ಮೇಲೆ ರೊಟ್ಟಿ ಹಾಕುವ ಸದ್ದು ಕೇಳುತ್ತ ನಾನು ಹೊಸ್ತಿಲ ಮೇಲೆ ಕೂತೆ. ಅಳು ಬಂತು. ನೋವಿಗಿಂತ ಹೆಚ್ಚಾಗಿ ಹೆದರಿಕೆಗೆ ಬಂದ ಅಳು ಅದು. ಇದು ಯಾವ ರೋಗ ಇರಬಹುದೆಂದು ಪಾಠ ಮಾಡುವವಳಿಗೆ ಗೊತ್ತಾಗದೆ ಇರುತ್ತದೆಯೇ?

ಹುಬ್ಬಳ್ಳಿಯ ತಜ್ಞ ವೈದ್ಯರು ರಕ್ತಪರೀಕ್ಷೆ ನೋಡಿ ನಾನು ಅಂದುಕೊಂಡಿದ್ದನ್ನೇ ಹೇಳಿದರು. ಸಂಧಿವಾತದಲ್ಲೇ ಹಟಮಾರಿ ಜಾತಿಯದು. ದೇಹವನ್ನು ಕಾಯಬೇಕಾದ ರೋಗನಿರೋಧಕ ಕೋಶಗಳು ಕೀಲುಗಳನ್ನೇ ವೈರಿಯೆಂದು ತಿಳಿದು ಮೇಲೆ ಬೀಳುವ ಕಾಯಿಲೆ. "ನಿಮಗ ನಾ ಏನು ಬಿಡಿಸಿ ಹೇಳೂದು? ಮನಿ ಕಾಯೋ ನಾಯಿನ ಮನಿಯವ್ರನ್ನ ಕಚ್ಚಾಕತ್ತೈತಿ, ಅದನ್ನ ಸುಮ್ಮನ ಕೂಡಿಸಬೇಕು" ಎಂದು ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದುಕೊಟ್ಟರು. ಪರಿಣಾಮ ಕಾಣಲು ತಿಂಗಳುಗಳೇ ಬೇಕಾದೀತು, ಆತುರಪಡಬೇಡಿ ಎಂದರು.

ಅತ್ತೆಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ. ದಿನವೂ ನೋಯುವ ಕೈಗೆ ವಾರಕ್ಕೊಮ್ಮೆ ಗುಳಿಗೆಯೇ? ಊರ ಹೊರಗಿನ ಹಳ್ಳದ ದಂಡೆಗೆ ಹೋಗಿ ಲಕ್ಕಿ ಸೊಪ್ಪು ಕಿತ್ತು ತಂದರು. ಐದೈದು ಬೆರಳಿನ ಹಾಗೆ ಹರಡಿಕೊಳ್ಳುವ ಎಲೆ, ಕೆಳಮೈ ಬೂದು ಬಣ್ಣ, ತಿಕ್ಕಿದರೆ ಮೂಗಿಗೆ ಹೊಡೆಯುವ ಕಟು ವಾಸನೆ. ನಮ್ಮ ಕಡೆ ಬಾಣಂತಿಯರ ಸ್ನಾನದ ನೀರಿಗೂ ಅದನ್ನು ಹಾಕುತ್ತಾರೆ, ಉಳುಕಿದ ಕಾಲಿಗೂ ಕಟ್ಟುತ್ತಾರೆ. ಅತ್ತೆ ಎಲೆಗಳನ್ನು ಹಂಚಿನ ಮೇಲೆ ಬಾಡಿಸಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ನನ್ನ ಎರಡೂ ಕೈಗಳಿಗೆ ಕಟ್ಟಿದರು. ಹಿತವಾಯಿತು. ಹಿತವಾಯಿತು ಎಂದು ಒಪ್ಪಿಕೊಳ್ಳಲು ಮಾತ್ರ ನನ್ನೊಳಗಿನ ಮಾಸ್ತರಿಣಿ ತಯಾರಿರಲಿಲ್ಲ.

"ಬಿಸಿ ಹಚ್ಚಿದ್ರ ಯಾರಿಗರ ಹಿತಾ ಅನಸ್ತೈತ್ರಿ. ಎಲಿಯಿಂದನ ಆಗೇತಿ ಅನ್ನಾಕ ಬರಾಂಗಿಲ್ಲ" ಎಂದೆ.

"ಎಲಿ ಅಲ್ದ ಮತ್ತ ನನ್ನ ಧೋತರದಿಂದ ಆಗೇತೇನು?" ಎಂದರು ಅತ್ತೆ.

ಅವರನ್ನು ಸೋಲಿಸಬೇಕೆಂದು ಒಂದು ಕೈಗೆ ಲಕ್ಕಿ, ಇನ್ನೊಂದಕ್ಕೆ ಬರಿ ಬಿಸಿನೀರಲ್ಲಿ ಅದ್ದಿದ ಬಟ್ಟೆ ಕಟ್ಟಿಕೊಂಡು ಕೆಲವು ದಿನ ನೋಡಿದೆ. ಲಕ್ಕಿ ಕಟ್ಟಿದ ಕೈ ತುಸು ಹಗುರ ಅನ್ನಿಸಿತು. ಆದರೆ ಯಾವ ಕೈಗೆ ಯಾವುದು ಕಟ್ಟಿದೆ ಎಂದು ನನಗೆ ಗೊತ್ತಿತ್ತಲ್ಲ! ಮನಸ್ಸು ಅತ್ತೆಯ ಕಡೆ ವಾಲಿರಬಹುದು. ಅಂಥ ಸಾಕ್ಷಿಯನ್ನು ನಾನೇ ತರಗತಿಯಲ್ಲಿ ಒಪ್ಪುತ್ತಿರಲಿಲ್ಲ.

ಮಾತ್ರೆಯನ್ನೂ ನುಂಗುತ್ತ, ಎಲೆಯನ್ನೂ ಕಟ್ಟಿಸಿಕೊಳ್ಳುತ್ತ ದಿನ ಕಳೆದೆ. ಮುಂಗಾರು ಮುಗಿಯುವ ಹೊತ್ತಿಗೆ ಬಾವು ಇಳಿಯಿತು. ಸೀಸೆಯ ಮುಚ್ಚಳ ತೆಗೆಯುವಷ್ಟು, ಮಗಳಿಗೆ ಜಡೆ ಹಾಕುವಷ್ಟು ಬೆರಳು ಆಡತೊಡಗಿದವು. ಆಗ ಮನೆಯಲ್ಲಿ ನಿಜವಾದ ಜಗಳ ಶುರುವಾಯಿತು. ಲಕ್ಕಿಯಿಂದ ಆಯಿತೆಂದು ಅತ್ತೆ, ಮಾತ್ರೆಯಿಂದ ಎಂದು ನಾನು. ಕುಷ್ಟಗಿಯ ಹೈಸ್ಕೂಲಿನಲ್ಲಿ ಮಾಸ್ತರರಾಗಿರುವ ನನ್ನ ಗಂಡ ಇಬ್ಬರ ನಡುವೆ ಕೂತು ಊಟ ಮಾಡುತ್ತ ಯಾರ ಪರವೂ ಮಾತಾಡದೆ ಬದುಕಿಕೊಂಡರು.

ಪಿಎಚ್.ಡಿ.ಗೆ ನಾನು ಅದೇ ಆಗ ನೋಂದಣಿ ಮಾಡಿಸಿದ್ದೆ, ವಿಷಯ ಇನ್ನೂ ಗಟ್ಟಿಯಾಗಿರಲಿಲ್ಲ. ನನ್ನ ಮಾರ್ಗದರ್ಶಕರು ಗಂಗಾವತಿಯ ಸಂಶೋಧನಾ ಕೇಂದ್ರವೊಂದರಲ್ಲಿದ್ದರು. ನೀರಾವರಿ ಕಾಲುವೆ ಬಂದ ಕಾಲಕ್ಕೆ ಆಂಧ್ರದಿಂದ ಬಂದು ವಲಸೆ ರೈತರ ಕ್ಯಾಂಪಿನಲ್ಲಿ ನೆಲೆಸಿದ ಮನೆತನದವರು. ತೆಲುಗು, ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ಒಂದು ದಿನ ಅವರ ಮುಂದೆ ನಮ್ಮ ಮನೆಯ ಜಗಳವನ್ನು ತಮಾಷೆಗೆಂದು ಹೇಳಿದೆ. ಅವರು ನಗಲಿಲ್ಲ.

"ಅತ್ತಿ ಸೊಸಿ ಜಗಳಾ ತೀರ್ಸಾಕ ಪಿಎಚ್.ಡಿ. ಮಾಡ್ತೀಯೇನಮ್ಮಾ?"

"ಮಾಡಬಾರದೇನ್ರಿ ಸರ್?"

"ಯಾಕ ಮಾಡಬಾರದು? ಅದಕ್ಕಿಂತ ಛಲೋ ಕಾರಣ ಇಲ್ಲಿತನಾ ಯಾವ ವಿದ್ಯಾರ್ಥಿನೂ ನನಗ ಕೊಟ್ಟಿಲ್ಲ. ಆದ್ರ ನಿನ್ನ ಕೈನ ಕೇಳಬ್ಯಾಡ. ಕೈಗೆ ಮನಸ್ಸಿರ್ತದ. ಕೋಶನ ಕೇಳು. ಅದಕ್ಕ ಅತ್ತಿನೂ ಗೊತ್ತಿಲ್ಲ, ಸೊಸಿನೂ ಗೊತ್ತಿಲ್ಲ."

ಹಾಗೆ ಶುರುವಾಯಿತು. ಲಕ್ಕಿಯ ಮೇಲೆ ಕೆಲಸ ಮಾಡಿದವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ, ಅದೇನೂ ನಾನು ಕಂಡುಹಿಡಿದ ಗಿಡವಲ್ಲ. ನಮ್ಮ ಸೀಮೆಯ ಹಳ್ಳದ ದಂಡೆಗಳಲ್ಲಿ ಬೆಳೆಯುವ ಲಕ್ಕಿಯ ಎಲೆಯಲ್ಲಿ, ಯಾವ ಭಾಗ, ಎಷ್ಟು ಪ್ರಮಾಣದಲ್ಲಿ, ಸಿಟ್ಟಿಗೆದ್ದ ರೋಗನಿರೋಧಕ ಕೋಶವನ್ನು ಕೊಲ್ಲದೆ ತಣ್ಣಗಾಗಿಸುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ. ಕೊಲ್ಲದೆ ಎಂಬ ಮಾತನ್ನು ಸರ್ ಹೇಳಿಹೇಳಿ ಬರೆಸಿದರು. ಅದರ ಬೆಲೆ ನನಗೆ ಆಗ ತಿಳಿಯಲಿಲ್ಲ.

ಪ್ರಯೋಗ ಹೇಳುವಷ್ಟು ಕಷ್ಟದ್ದಲ್ಲ. ಮ್ಯಾಕ್ರೋಫೇಜ್ ಎಂಬ ಕೋಶಗಳಿವೆ. ಮೈಯೊಳಗೆ ನುಗ್ಗಿದ ರೋಗಾಣುಗಳನ್ನು ನುಂಗಿ ಹಾಕುವ ಕಾವಲುಗಾರ ಕೋಶಗಳು. ಇಲಿಯಿಂದ ಬಂದು, ಪ್ರಯೋಗಾಲಯಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿಕೊಂಡು ಬಂದ ಅಂಥ ಕೋಶಗಳನ್ನು ನಾವು ತರಿಸಿದೆವು. ಪೋಷಕ ದ್ರವದಲ್ಲಿ, ಮೈಯಷ್ಟೇ ಬೆಚ್ಚಗಿರುವ ಇನ್‌ಕ್ಯುಬೇಟರ್ ಪೆಟ್ಟಿಗೆಯೊಳಗೆ ಅವು ಬೆಳೆಯುತ್ತವೆ. ಪಡ್ಡಿನ ಹಂಚಿನ ಹಾಗೆ ಸಾಲುಸಾಲು ಗುಳಿಗಳಿರುವ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ಅವನ್ನು ಹಂಚಿ ಕೂರಿಸಬೇಕು. ಆಮೇಲೆ ಬ್ಯಾಕ್ಟೀರಿಯಾದ ಹೊರಗೋಡೆಯ ಒಂದು ಅಂಶವನ್ನು ಹಾಕಿದರೆ ವೈರಿ ಬಂದನೆಂದು ಅವು ಕೆರಳುತ್ತವೆ, ನೈಟ್ರಿಕ್ ಆಕ್ಸೈಡ್ ಕಾರುತ್ತವೆ. ಅದನ್ನು ಕಣ್ಣಿಗೆ ಕಾಣಿಸುವ ರಾಸಾಯನಿಕ ಒಂದಿದೆ, ಕೋಶಗಳ ಮೇಲಿನ ದ್ರವಕ್ಕೆ ಸೇರಿಸಿದರೆ ಕಡು ಗುಲಾಬಿ ಬಣ್ಣ ಏರುತ್ತದೆ. ಗುಲಾಬಿ ಕಡುವಾದಷ್ಟೂ ಕೋಶಗಳ ಸಿಟ್ಟು ಹೆಚ್ಚು. ಲಕ್ಕಿಯ ಸಾರ ಹಾಕಿದ ಗುಳಿಗಳಲ್ಲಿ ಆ ಬಣ್ಣ ತಿಳಿಯಾಗುತ್ತದೆಯೇ? ಅದೇ ನೋಡಬೇಕಾದದ್ದು.

ಕಷ್ಟವಿದ್ದದ್ದು ನನ್ನ ಕೈಯಲ್ಲಿ. ಹನಿ ಅಳೆದು ಹಾಕುವ ಪಿಪೆಟ್ಟಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ತಟ್ಟೆ ತುಂಬಿಸುವ ಹೊತ್ತಿಗೆ ಹೆಬ್ಬೆರಳ ಬುಡ ಸಿಡಿಯುತ್ತಿತ್ತು. ಕೈ ನಡುಗಿದರೆ ಹನಿ ಹೆಚ್ಚು ಕಡಿಮೆಯಾಗಿ ತಟ್ಟೆಯೇ ದಂಡ. ಕೊಪ್ಪಳದಲ್ಲಿ ಪಾಠ ಮುಗಿಸಿ ಗಂಗಾವತಿಯ ಬಸ್ಸು ಹತ್ತುತ್ತಿದ್ದೆ. ಗದ್ದೆಗಳ ಹಸಿರು ಬಂತೆಂದರೆ ಇನ್ನು ಇಳಿಯುವ ಹೊತ್ತಾಯಿತೆಂದು ಬೆರಳುಗಳನ್ನು ಒಂದೊಂದಾಗಿ ತಿಕ್ಕಿಕೊಳ್ಳುತ್ತಿದ್ದೆ. ಒಂದು ಸಂಜೆ ಮನೆಯಲ್ಲಿ ಪೆನ್ನು ಹಿಡಿದು ಪಿಪೆಟ್ಟನ್ನು ಹೇಗೆ ಹಿಡಿಯುತ್ತೇನೆಂದು ಅತ್ತೆಗೆ ತೋರಿಸಿದೆ. ಹಿಡಿ ಸಣ್ಣದಿರುವುದರಿಂದ ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಅದಕ್ಕೇ ನೋವು ಹೆಚ್ಚು ಎಂದೆ. ಅವರು ಎದ್ದುಹೋಗಿ, ನನ್ನ ಗಂಡನ ಹಳೆಯ ಸೈಕಲ್ಲಿನ ಟ್ಯೂಬು ಕತ್ತರಿಸಿ ತಂದರು.

"ಇದನ್ನ ಮ್ಯಾಲ ಏರಿಸು. ದಪ್ಪಾಕ್ಕೈತಿ. ಮೆತ್ತಗೂ ಇರ್ತೈತಿ."

ಸರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಒರೆಸಿ, ನನ್ನ ಪಿಪೆಟ್ಟಿಗೆ ತಾವೇ ಏರಿಸಿಕೊಟ್ಟರು. ಹಿಡಿತ ಎಷ್ಟೋ ಸಲೀಸಾಯಿತು.

ಮೊದಲ ಸಲಕ್ಕೆ ಎಲೆ ತಂದದ್ದು ಗಂಗಾವತಿಯ ಕಾಲುವೆ ದಂಡೆಯಿಂದಲೇ. ಕೇಂದ್ರಕ್ಕೆ ಹತ್ತಿರ, ಸೊಂಪಾಗಿ ಬೆಳೆದ ಗಿಡ. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮದ್ಯಸಾರದಲ್ಲಿ ನೆನೆಸಿ ಸಾರ ತೆಗೆದೆ. ತಟ್ಟೆ ಕೂರಿಸಿದೆ. ಬಣ್ಣ ಬರಿಸುವ ದಿನ ಬಂತು. ಕೆರಳಿಸಿ ಹಾಗೇ ಬಿಟ್ಟ ಗುಳಿಗಳು ಕಡು ಗುಲಾಬಿಯಾದವು. ಲಕ್ಕಿ ಹಾಕಿದ ಗುಳಿಗಳಲ್ಲಿ ಬಣ್ಣವೇ ಇಲ್ಲ! ನೀರಿನ ಹಾಗೆ ತಿಳಿ. ನಾನು ಕಿರುಚಿದ್ದು ಹೊರಗಿನ ವರಾಂಡಕ್ಕೂ ಕೇಳಿಸಿತಂತೆ. ಅಲ್ಲಿಂದಲೇ ಅತ್ತೆಗೆ ಫೋನು ಮಾಡಿದೆ.

"ಅತ್ಯಾರ, ನೀವು ಗೆದ್ರಿ!"

"ನಾ ಹೇಳಿದ್ದಿಲ್ಲೇನು?" ಎಂದು ಅವರು ಅಂಗಳದಲ್ಲಿ ಕೂತಿದ್ದವರಿಗೆಲ್ಲ ಸುದ್ದಿ ಹೇಳುವುದು ಫೋನಿನಲ್ಲೇ ಕೇಳಿಸಿತು.

ಸರ್ ಬಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಸಿಟ್ಟು ಇಳದದ ಅಂತೀಯಾ?"

"ಹೌದ್ರಿ ಸರ್."

"ಬದುಕ್ಯಾವೋ ಇಲ್ಲೋ ನೋಡೀಯೇನಮ್ಮಾ?"

ನೋಡಿರಲಿಲ್ಲ. ಕೋಶ ಬದುಕಿದೆಯೇ ಎಂದು ತಿಳಿಯಲು ಇನ್ನೊಂದು ಬಣ್ಣದ ಪರೀಕ್ಷೆ ಇದೆ. ಹಳದಿ ದ್ರವ ಹಾಕಿದರೆ ಜೀವ ಇರುವ ಕೋಶಗಳು ಅದನ್ನು ನೇರಳೆ ಮಾಡುತ್ತವೆ, ಸತ್ತವುಗಳಲ್ಲಿ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ಮಾಡಿದೆವು. ಲಕ್ಕಿ ಹಾಕಿದ ಸಾಲುಗಳೆಲ್ಲ ಹಳದಿ. ನನ್ನ ಕೋಶಗಳು ತಣ್ಣಗಾಗಿರಲಿಲ್ಲ, ಸತ್ತುಹೋಗಿದ್ದವು. ಸತ್ತ ಮೇಲೆ ಯಾರಿಗೆ ಸಿಟ್ಟು?

ಅಂದು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತು ಬಂದೆ. ಮನೆಯಲ್ಲಿ ಅತ್ತೆ ಶಾವಿಗೆ ಪಾಯಸ ಮಾಡಿ ಇಟ್ಟಿದ್ದರು. ನಡೆದದ್ದನ್ನು ಹೇಳಿದೆ. ಬಟ್ಟಲನ್ನು ನನ್ನ ಮುಂದೆ ಸರಿಸಿ, "ಪಾಯಸ ಏನ್ ತಪ್ಪು ಮಾಡೇತಿ? ಉಣ್ಣು" ಎಂದರು. ಉಂಡೆ.

ಆಮೇಲಿನ ತಿಂಗಳುಗಳು ಬರಡು. ಸಾರದ ಪ್ರಮಾಣ ಇಳಿಸುತ್ತ ಹೋದೆ. ಕೋಶ ಬದುಕುವ ಮಟ್ಟಕ್ಕೆ ಇಳಿಸಿದರೆ ಗುಲಾಬಿ ಮೊದಲಿನಷ್ಟೇ ಕಡು, ಗುಲಾಬಿ ತಿಳಿಯಾಗುವ ಮಟ್ಟಕ್ಕೆ ಏರಿಸಿದರೆ ಕೋಶ ಸಾಯುತ್ತಿದ್ದವು. ನಡುವೆ ಕಾಲಿಡಲೂ ಜಾಗವಿಲ್ಲ. ಅದರ ಮೇಲೆ ಬೇಸಿಗೆ ಬಂತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಜನರೇಟರೂ ಕೈಕೊಟ್ಟು ಬೆಳೆಸಿದ್ದ ಕೋಶಗಳೆಲ್ಲ ಹಾಳಾದವು. ಕರೆಂಟು ಬೇಡದ ದ್ರವಸಾರಜನಕದ ಪಾತ್ರೆಯಲ್ಲಿ ಕಾದಿಟ್ಟಿದ್ದ ದಾಸ್ತಾನಿನಿಂದ ಮತ್ತೆ ಮೊದಲಿನಿಂದ ಬೆಳೆಸಬೇಕಾಯಿತು. ಕಾಲೇಜಿನಲ್ಲಿ ಯಾರೋ ಕೇಳಿದರು, ಕೈ ಹೀಗಿರುವಾಗ ಇದೆಲ್ಲ ಯಾಕೆ ಬೇಕು, ಸುಮ್ಮನೆ ಪಾಠ ಹೇಳಿಕೊಂಡಿರಬಾರದೇ ಎಂದು. ಕೈ ಹೀಗಿದೆ ಎಂದೇ ಬೇಕಾಗಿದೆ ಎಂದೆ. ಹೇಳಿದ ಮೇಲೆ ಅದು ಎಷ್ಟು ನಿಜವೆಂದು ನನಗೇ ಅನ್ನಿಸಿತು.

ದಾರಿ ತೆರೆದದ್ದು ಒಂದು ಭಾನುವಾರ. ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಸರ್ ಕೈ ತೊಳೆಯುತ್ತ ಕೇಳಿದರು.

"ಅಮ್ಮಾ, ನೀ ತಂದ ಲಕ್ಕಿ ಎಲ್ಲೀದು? ಕಾಲುವಿ ದಂಡೀದಲ್ಲಾ? ಅಲ್ಲಿ ಆಚಿ ಈಚಿ ಭತ್ತದ ಗದ್ದಿ. ಯಾವಾಗ ನೋಡಿದ್ರೂ ಹುಳಕ್ಕ ಎಣ್ಣಿ ಹೊಡೀತಿರ್ತಾರ. ನಮ್ಮ ಗದ್ದ್ಯಾಗೂ ಹೊಡೀತೀವಿ. ಗಾಳಿಗೆ ಆ ಎಲಿ ಮ್ಯಾಲೆ ಬೀಳಲಾರದ ಇರ್ತದಾ?"

ನಾನು ಹಿಡಿದ ನೀರಿನ ತಂಬಿಗೆ ಹಿಡಿದ ಹಾಗೇ ನಿಂತೆ. ಸಾಯಿಸಿದ್ದು ಕೀಟನಾಶಕವೋ ಲಕ್ಕಿಯೋ ಎಂದು ಪರೀಕ್ಷಿಸುವ ಯಂತ್ರ ನಮ್ಮಲ್ಲಿರಲಿಲ್ಲ. ಇವತ್ತಿಗೂ ಅದನ್ನು ಖಚಿತವಾಗಿ ಹೇಳಲಾರೆ. ಆದರೆ ಎಣ್ಣೆ ಹೊಡೆಯದ ನೆಲದ ಎಲೆ ತರುವುದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ.

ಮುಂದಿನ ರಜೆಗೆ ನಾನು, ಗಂಡ, ಅತ್ತೆ ಒಂದು ಬಾಡಿಗೆ ಜೀಪಿನಲ್ಲಿ ಹೊರಟೆವು. ಕುಷ್ಟಗಿ ಕಡೆಯ ಕಲ್ಲುಗುಡ್ಡಗಳ ಬುಡದಲ್ಲಿ, ಗಂಡನಿಗೆ ಗೊತ್ತಿದ್ದ ಹಳ್ಳವೊಂದರ ದಂಡೆಯಲ್ಲಿ ಮೊದಲು ಕಿತ್ತೆವು. ಅಲ್ಲಿಂದ ಯಲಬುರ್ಗಾ ತಾಲ್ಲೂಕಿಗೆ ತಿರುಗಿ ಅಲ್ಲಿನ ಮಂಗಳೂರು ಎಂಬ ಹಳ್ಳಿಯ ಹೊರಗೆ, ಕೊನೆಗೆ ನನ್ನ ತವರು ತಳಕಲ್ಲಿನಲ್ಲಿ. ಮಳೆ ನಂಬಿದ ಒಣಭೂಮಿ. ಹತ್ತಿರದಲ್ಲಿ ಹೊಲವೇ ಇಲ್ಲದ ಕಡೆ ನೋಡಿ ನೋಡಿ ಆರಿಸಿದೆವು. ಇಲ್ಲಿಯ ಲಕ್ಕಿ ಕಾಲುವೆಯದರಷ್ಟು ಸೊಂಪಿಲ್ಲ, ಎಲೆ ಸಣ್ಣದು, ದಪ್ಪ, ವಾಸನೆ ಮಾತ್ರ ಕಣ್ಣಲ್ಲಿ ನೀರು ಬರಿಸುವಷ್ಟು. ಪ್ರತಿ ಊರಿನ ಎಲೆಗೂ ಬೇರೆ ಬೇರೆ ಚೀಲ ಮಾಡಿ, ಬೆರೆಸಬಾರದೆಂದು ನಾನು ಹೇಳಿದ್ದನ್ನು ಅತ್ತೆ ಶಾಸ್ತ್ರದ ಹಾಗೆ ಪಾಲಿಸಿದರು. ನಮ್ಮ ತಳಕಲ್ಲಿನ ಹೆಂಗಸರು ಬಂದು ಸುತ್ತ ನಿಂತರು.

"ಇಷ್ಟ್ಯಾಕಬೇ ಲಕ್ಕಿ? ಊರಾಗಿನ ಬಾಣಂತ್ಯಾರಿಗೆಲ್ಲಾ ಎರೀತೀಯೇನು?" ಎಂದು ಒಬ್ಬಾಕೆ ಕೇಳಿದಳು.

"ಇಲಿ ಕೋಶಕ್ಕ ಎರೀತಾಳಬೇ ನಮ್ಮ ಸೊಸಿ. ಭಾಳ ಸಿಟ್ಟಿನ್ವು ಅವು" ಎಂದರು ಅತ್ತೆ. ಹಳ್ಳದ ದಂಡೆ ತುಂಬ ನಗು.

ಕಿನ್ನಾಳದ ಮನೆಯ ಪಡಸಾಲೆಯಲ್ಲಿ, ಅರ್ಧ ಬಣ್ಣ ಕಂಡ ಬೊಂಬೆಗಳ ನಡುವೆ, ಮೂರು ಊರಿನ ಲಕ್ಕಿ ನೆರಳಿನಲ್ಲಿ ಒಣಗಿತು. ಈ ಸಲ ಸಾರವನ್ನು ಇಡಿಯಾಗಿ ಬಳಸದೆ, ಬೇರೆ ಬೇರೆ ದ್ರಾವಕಗಳಿಂದ ಬೇರ್ಪಡಿಸಿ ಭಾಗಭಾಗ ಮಾಡಿದೆ. ಬೇಗ ಬೇಗ ಮಾಡಿ ಮುಗಿಸುವ ಹುಚ್ಚು ನನಗಾಗ ಬಿಟ್ಟುಹೋಗಿತ್ತು. ಮೊದಲು ಕೋಶ ಬದುಕುವುದನ್ನು ನೋಡುವುದು, ಆಮೇಲೆ ಸಿಟ್ಟು ಅಳೆಯುವುದು.

ನೇರಳೆಯ ಪರೀಕ್ಷೆ ಮೊದಲು ಬಂತು. ಒಂದು ಭಾಗವನ್ನು ಹಾಕಿದ ಸಾಲುಗಳಲ್ಲಿ ಕೋಶಗಳು ಏನೂ ಹಾಕದ ಸಾಲಿನಷ್ಟೇ ಕಡು ನೇರಳೆ. ಮೂರೂ ಊರಿನ ಎಲೆಯಲ್ಲೂ ಅಷ್ಟೇ. ಬದುಕಿವೆ, ಗಟ್ಟಿಯಾಗಿ ಬದುಕಿವೆ. ಅದೇ ಪ್ರಮಾಣದಲ್ಲಿ ಇನ್ನೊಂದು ತಟ್ಟೆ ಕೂರಿಸಿ, ಕೋಶಗಳನ್ನು ಕೆರಳಿಸಿ, ಮರುದಿನ ಗುಲಾಬಿ ಬರಿಸುವ ದ್ರವ ಹಾಕಿದೆ. ಸರ್ ಪಕ್ಕದಲ್ಲೇ ನಿಂತಿದ್ದರು. ಕೆರಳಿಸಿ ಬಿಟ್ಟ ಗುಳಿಗಳು ದಾಸವಾಳದ ಹಾಗೆ ಕೆಂಪೇರಿದವು. ಲಕ್ಕಿಯ ಸಾಲಿನಲ್ಲೂ ಬಣ್ಣ ಏರತೊಡಗಿತು. ಆಮೇಲೆ ಏರುವುದು ನಿಂತಿತು. ಎಳೆ ಗುಲಾಬಿಗೆ ನಿಂತಿತು. ಪ್ರಮಾಣ ಹೆಚ್ಚಿದಂತೆ ಒಂದು ಗುಳಿಗಿಂತ ಪಕ್ಕದ ಗುಳಿ ಇನ್ನಷ್ಟು ತಿಳಿ, ಅದರ ಪಕ್ಕದ್ದು ಮತ್ತಷ್ಟು ತಿಳಿ. ಮೆಟ್ಟಿಲು ಇಳಿದ ಹಾಗೆ.

ಈ ಸಲ ನಾನು ಕಿರುಚಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟೆ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಇನ್ನೊಮ್ಮೆ ಮಾಡು" ಎಂದರು. "ಮತ್ತೊಮ್ಮೆನೂ ಮಾಡು. ಪ್ರತಿ ಸಲ ಹಿಂಗ ಬಂದ್ರ ಆವಾಗ ನಿಮ್ಮ ಅತ್ಯಾರಿಗೆ ಫೋನ್ ಹಚ್ಚು."

ಪ್ರತಿ ಸಲವೂ ಹಾಗೇ ಬಂತು. ಕೆರಳಿದ ಕೋಶಗಳು ಉಳಿದ ಕೋಶಗಳನ್ನು ಕರೆದು ಸೇರಿಸಲು ಹೊರಬಿಡುವ ಸಂದೇಶದ ಪ್ರೋಟೀನೊಂದಿದೆ. ನನ್ನಂಥ ರೋಗಿಗಳ ಕೀಲುಗಳಲ್ಲಿ ತುಂಬ ಅನಾಹುತ ಮಾಡುವುದು ಅದೇ. ಮುಂದೆ ಅದನ್ನೂ ಅಳೆದೆವು. ಅದೂ ಇಳಿದಿತ್ತು. ಫಲಿತಾಂಶದ ಗೆರೆ ಪರದೆಯ ಮೇಲೆ ಮೂಡುವಾಗ ನಾನು ನನ್ನ ಬೆರಳ ಬುಡಗಳನ್ನು ಸವರಿಕೊಂಡೆ. ನನ್ನನ್ನು ಕಾಡಿದ್ದ ವಸ್ತುವನ್ನು ನಾನೇ ಅಳೆದು, ಅದು ತಗ್ಗುವುದನ್ನು ಕಣ್ಣಾರೆ ನೋಡುತ್ತಿದ್ದೆ. ಹೊರಗೆ ಬಂದು ಕೇಂದ್ರದ ಬೇವಿನ ಮರದ ಕೆಳಗೆ ನಿಂತು ಮನಸಾರೆ ಅತ್ತುಬಿಟ್ಟೆ. ಅದು ಖುಷಿಯ ಅಳು.

ಅತ್ತೆಯನ್ನು ಗಂಗಾವತಿಗೆ ಕರೆದುಕೊಂಡು ಹೋದೆ. ಚಪ್ಪಲಿ ಬಿಡಿಸಿ, ಬಿಳಿ ಕೋಟು ತೊಡಿಸಿ, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಕೆರಳಿದ ಕೋಶಗಳು ಮೈ ಚಾಚಿ, ಕೊಂಬೆ ಕವಲು ಬಿಟ್ಟು ಹರಡಿಕೊಂಡಿದ್ದನ್ನು ತೋರಿಸಿದೆ. ಆಮೇಲೆ ಲಕ್ಕಿ ಹಾಕಿದ ತಟ್ಟೆ. ಇವು ದುಂಡಗೆ, ಸುಮ್ಮನೆ, ಹೊಳೆಯುತ್ತ ಕೂತಿದ್ದವು. ಅತ್ತೆ ಬಹಳ ಹೊತ್ತು ನೋಡಿದರು.

"ಹಂಗಾರ ನಾ ಹೇಳಿದ್ದು ಖರೇ ಆತು."

"ತಟ್ಟಿಯಾಗ ಖರೇ ಆತ್ರಿ ಅತ್ಯಾರ. ಮನಶಾರ ಮೈಯಾಗ ಹೆಂಗ, ಎಷ್ಟು, ಇನ್ನಾ ಯಾರಿಗೂ ಪೂರಾ ಗೊತ್ತಿಲ್ಲ. ಅದಕ್ಕ ಇನ್ನಾ ಭಾಳ ಕೆಲಸ ಐತಿ."

"ಗುಳಗಿ?"

"ಗುಳಗಿ ಬಿಡಾಂಗಿಲ್ಲ. ನನ್ನ ಕೈ ಉಳಿಸಿದ್ದು ಅದ."

ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, "ಇರ್ಲಿ ತಗೋ. ಇಬ್ರೂ ಗೆದ್ದಂಗಾತು" ಎಂದರು. ಅಂದಿನಿಂದ ಮಾತ್ರೆಯ ದಿನ ನಾನು ಮರೆತರೂ ಅವರು ಮರೆಯಲಿಲ್ಲ, ನೀರಿನ ಲೋಟ ಹಿಡಿದು ಬಂದು ನಿಲ್ಲುತ್ತಿದ್ದರು.

ಪ್ರಬಂಧ ಬರೆದು ಸಲ್ಲಿಸಿ, ಮೌಖಿಕ ಪರೀಕ್ಷೆಯ ದಿನ ಬಂತು. ಎಲ್ಲರೂ ಬಂದು ಕೂರಬಹುದಾದ ಬಹಿರಂಗ ಪರೀಕ್ಷೆ. ಗಂಗಾವತಿಯ ಕೇಂದ್ರದ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ಅತ್ತೆ ಇಳಕಲ್ ಸೀರೆ ಉಟ್ಟು ಕೂತಿದ್ದರು. ಪಕ್ಕದಲ್ಲಿ ಗಂಡ, ಮಗಳು, ತಳಕಲ್ಲಿನಿಂದ ಬಂದ ನನ್ನ ಅಪ್ಪ, ಅವ್ವ. ಅಪ್ಪ ಜೀವನವಿಡೀ ಕೂಲಿ ಮಾಡಿದವರು. ಆ ದಿನ ಹೊಸ ರುಮಾಲು ಸುತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನಾನು ಇಂಗ್ಲಿಷಿನಲ್ಲಿ ಹೇಳಬೇಕಾದದ್ದನ್ನು ಹೇಳಿ, ಪರೀಕ್ಷಕರ ಅಪ್ಪಣೆ ಕೇಳಿ, ಮನೆಯವರಿಗಾಗಿ ಅದನ್ನೇ ಕನ್ನಡದಲ್ಲಿ ಚುಟುಕಾಗಿ ಹೇಳಿದೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿರಿಯ ಮಹಿಳೆ. ಒಂದೊಂದೇ ಪ್ರಶ್ನೆ ಕೇಳುತ್ತ ಬಂದು ಕೊನೆಗೆ ಕನ್ನಡಕದ ಮೇಲಿನಿಂದ ನೋಡಿದರು.

"ಗುಲಾಬಿ ಬಣ್ಣ ಕಡಿಮೆಯಾಯಿತು ಎನ್ನುತ್ತೀರಿ. ಕೋಶ ತಣ್ಣಗಾಗದೆಯೇ, ನಿಮ್ಮ ಎಲೆಯ ಸಾರವೇ ಆ ಬಣ್ಣವನ್ನು ನುಂಗಿಹಾಕಿರಬಾರದೇಕೆ?"

ಸರ್ ನೆಲ ನೋಡುತ್ತ ಕೂತರು. ಅವರ ಮುಖದಲ್ಲಿ ಮಾತ್ರ ಆತಂಕವಿರಲಿಲ್ಲ. ಇದೇ ಪ್ರಶ್ನೆಯನ್ನು ನಾನು ನನಗೇ ಎಷ್ಟೋ ಸಲ ಕೇಳಿಕೊಂಡಿದ್ದೆ. ಬಣ್ಣ ಕಂಡು ಕುಣಿದು, ಹಳದಿ ಸಾಲು ಕಂಡು ಕುಸಿದವಳಿಗೆ ಇನ್ನೊಮ್ಮೆ ಬಣ್ಣವನ್ನು ಸುಮ್ಮನೆ ನಂಬಲು ಬರುತ್ತಿರಲಿಲ್ಲ.

"ಕೋಶಗಳೇ ಇಲ್ಲದ ಗುಳಿಗಳಲ್ಲಿ, ಕೆರಳಿದ ಕೋಶಗಳು ಕಾರುವ, ಬಣ್ಣಕ್ಕೆ ಕಾರಣವಾಗುವ ವಸ್ತುವನ್ನು ನಾವೇ ಹೊರಗಿನಿಂದ ಹಾಕಿ, ಲಕ್ಕಿಯ ಭಾಗವನ್ನೂ ಹಾಕಿ ನೋಡಿದ್ದೇನೆ ಮೇಡಂ. ಬಣ್ಣ ಸ್ವಲ್ಪವೂ ಇಳಿಯಲಿಲ್ಲ. ಸಾರ ಬಣ್ಣವನ್ನು ನುಂಗುವುದಿಲ್ಲ" ಎಂದು ಆ ತಟ್ಟೆಯ ಚಿತ್ರವನ್ನು ಪರದೆಗೆ ತಂದೆ. "ಬಣ್ಣದ ಹಂಗೇ ಬೇಡವೆಂದು ಸಂದೇಶದ ಪ್ರೋಟೀನನ್ನೂ ಬೇರೆ ವಿಧಾನದಲ್ಲಿ ಅಳೆದಿದ್ದೇವೆ. ಎರಡು ದಾರಿಯೂ ಒಂದೇ ಊರಿಗೆ ತಂದು ಬಿಟ್ಟಿವೆ."

ಅವರು ಪೆನ್ನು ಕೆಳಗಿಟ್ಟರು. "ನನ್ನ ಪ್ರಶ್ನೆಗಳು ಮುಗಿದವು. ಅಭಿನಂದನೆಗಳು, ಡಾಕ್ಟರ್."

ಚಪ್ಪಾಳೆ ಶುರುವಾಯಿತು. ನನ್ನ ವಿದ್ಯಾರ್ಥಿಗಳು ಹಿಂದಿನ ಸಾಲಿನಿಂದ ಸಿಳ್ಳೆ ಹಾಕಿದರು. ಸರ್ ಎದ್ದುಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಅಪ್ಪ ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡರು. ಅತ್ತೆ ಮಾತ್ರ ನೇರ ಪರೀಕ್ಷಕರ ಬಳಿ ಹೋಗಿ ಕೈ ಮುಗಿದರು.

"ಕಡೀಕ ಛಲೋ ಪ್ರಶ್ನಿ ಕೇಳಿದ್ರಿ ನೋಡ್ರಿ. ನನ್ನ ಎದಿ ಹೊಡಕೊಂಡಿತ್ತು."

"ನನಗೂ ಹೊಡ್ಕೊಂಡಿತ್ತಮ್ಮ. ಉತ್ತರ ಬರಲಿ ಅಂತ" ಎಂದು ಅವರು ನಕ್ಕರು.

ಸಂಜೆ ಎಲ್ಲರೂ ಒಟ್ಟಿಗೆ ಕೊಪ್ಪಳದ ಬಸ್ಸು ಹತ್ತಿದೆವು. ಬಸ್ಸು ತುಂಬಿತ್ತು, ನಾಟಿ ಮುಗಿಸಿ ಊರಿಗೆ ಮರಳುವ ಹೆಂಗಸರೇ ಹೆಚ್ಚು. ಅತ್ತೆ ಪೇಡೆಯ ಡಬ್ಬಿ ಬಿಚ್ಚಿ ಕಂಡಕ್ಟರಿನಿಂದ ಹಿಡಿದು ಎಲ್ಲರಿಗೂ ಹಂಚಿದರು. ಯಾಕೆ ಪೇಡೆ ಎಂದು ಕೇಳಿದವರಿಗೆಲ್ಲ ಸೊಸೆ ಡಾಕ್ಟರಾದಳು ಎಂದರು. ಪಕ್ಕದ ಸೀಟಿನಲ್ಲಿದ್ದ ಒಬ್ಬಾಕೆ ತಕ್ಷಣ ಕೈ ಮುಂದೆ ಚಾಚಿದಳು. ಬೆರಳುಗಳು ಬಾತಿದ್ದವು.

"ಹಂಗಾರ ನನಗೂ ಒಂದೀಟು ಔಷಧ ಕೊಡ್ರಿ ಡಾಕ್ಟ್ರ. ಮುಂಜಾನಿ ಎದ್ರ ಮುಷ್ಟಿ ಹಿಡಿಯಾಕ ಬರವಲ್ದು."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಶುರು ಮಾಡಿದರು.

"ಈಕಿ ಔಷಧ ಕೊಡೋ ಡಾಕ್ಟ್ರಲ್ಲವಾ, ಔಷಧ ಹುಡುಕೋ ಡಾಕ್ಟ್ರು. ನೀ ಹಿಂಗ ಬಿಡಬ್ಯಾಡ. ದೊಡ್ಡ ದವಾಖಾನಿಗೆ ಹೋಗು, ರಕ್ತಾ ತಪಾಸ ಮಾಡ್ಸು. ಲಕ್ಕಿ ತಪ್ಪಲಾ ಬೇಕಾರ ಕಟ್ಟಿಕೋ, ಹಿತಾ ಆಕ್ಕೈತಿ. ಆದ್ರ ಅವ್ರು ಕೊಟ್ಟ ಗುಳಗಿ ತಪ್ಪಸಬ್ಯಾಡ."

ನಾನು ಆಕೆಯ ಕೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡು, ಯಾವ ದವಾಖಾನೆ, ಯಾವ ದಿನ, ಏನು ಕೇಳಬೇಕು ಎಂದು ಹೇಳಿದೆ. ನನ್ನ ಮೊಬೈಲಿನಿಂದಲೇ ಆಕೆಯ ಮಗನಿಗೆ ಫೋನು ಮಾಡಿ ಅವನಿಗೂ ಹೇಳಿದೆ. ಆಕೆ ದವಾಖಾನೆಗೆ ಹೋದಳು. ರೋಗ ಬೇಗ ಪತ್ತೆಯಾದದ್ದಕ್ಕೆ ಬೇಗ ಹತೋಟಿಗೆ ಬಂತೆಂದು, ಮುಂದಿನ ಹಂಗಾಮಿಗೆ ಮತ್ತೆ ನಾಟಿಗೆ ಇಳಿದೆನೆಂದು ಆಮೇಲೆ ತಾನೇ ಫೋನು ಮಾಡಿ ತಿಳಿಸಿದಳು. ಆದರೆ ಆ ಸಂಜೆ ಅದೆಲ್ಲ ಇನ್ನೂ ಮುಂದಿತ್ತು. ಬಸ್ಸಿನ ಹಿಂದಿನ ಸೀಟಿನಿಂದ ಯಾರೋ ಹಾಡು ಎತ್ತಿದರು, ನಾಟಿಯ ಹೆಂಗಸರೆಲ್ಲ ದನಿಗೂಡಿಸಿದರು. ಕಂಡಕ್ಟರು ಸೀಟಿ ಹೊಡೆಯುವುದನ್ನೇ ಮರೆತು ತಾಳ ಹಾಕಿದ. ಅತ್ತೆ ಖಾಲಿ ಡಬ್ಬಿಯನ್ನು ಬಡಿಯುತ್ತ ಎಲ್ಲರಿಗಿಂತ ಜೋರಾಗಿ ಹಾಡಿದರು. ಕಿಟಕಿಯಾಚೆ ಕೊಪ್ಪಳದ ಕೋಟೆಯ ಗುಡ್ಡ ಕಾಣುವವರೆಗೂ ಆ ಹಾಡು ನಿಲ್ಲಲಿಲ್ಲ. ನಾನೂ ಹಾಡಿದೆ, ಕೈ ತಟ್ಟಿ ಹಾಡಿದೆ.